ಆಫರ್ ಲೆಟರ್ ಬಂದಮೇಲೆ ಮೊದಲ ಡ್ಯೂಟಿಯ ತನಕ

ಸಂದರ್ಶನ ಮುಗಿದು ಎರಡು ದಿನಕ್ಕೆ ಫೋನ್ ಬರುತ್ತದೆ. "ಸಿಸ್ಟರ್, ನೀವು ಸೆಲೆಕ್ಟ್ ಆಗೀರ್ರಿ. ಒಂದನೇ ತಾರೀಖಿಗೆ ಜಾಯಿನ್ ಆಗಬೇಕು. ಡಾಕ್ಯುಮೆಂಟ್ ಎಲ್ಲಾ ಮೇಲ್ ಮಾಡ್ರಿ." ಮನೆಯಲ್ಲಿ ಪೇಢೆ ಹಂಚಿಯಾಗುತ್ತದೆ, ಹಳೆಯ ಆಸ್ಪತ್ರೆಗೆ ರಾಜೀನಾಮೆ ಹೋಗುತ್ತದೆ, ವಿದ್ಯಾನಗರದಲ್ಲಿ ಪಿಜಿಗೆ ಅಡ್ವಾನ್ಸ್ ಕೊಟ್ಟಾಗುತ್ತದೆ. ಒಂದನೇ ತಾರೀಖು ಬಂದು ಹೋಗುತ್ತದೆ. ಕೇಳಿದರೆ ಒಂದೇ ಉತ್ತರ: "ನಿಮ್ಮ ಫೈಲ್ ಇನ್ನೂ ವೆರಿಫಿಕೇಶನ್‌ನ್ಯಾಗ ಐತ್ರಿ."

ಈ ಮಾತು ಕೇಳಿದವರಿಗೆ ಮೊದಲು ಹೊಳೆಯುವುದು ‘ನನ್ನ ಮೇಲೆ ಏನೋ ಅನುಮಾನ ಬಂದಿದೆ’ ಎಂಬ ಭಯ. ನೇಮಕಾತಿ ಫೈಲುಗಳನ್ನು ದಿನವೂ ತಿರುವಿ ಹಾಕುವವರು ಕಂಡಂತೆ, ಅನುಮಾನದಿಂದ ನಿಂತ ಫೈಲು ತೀರ ಕಡಿಮೆ. ಒಂದು ಕಾಗದ ಇನ್ನೊಂದಕ್ಕೆ ತಾಳೆಯಾಗದೆ, ಅಥವಾ ಯಾರೋ ಒಬ್ಬರು ಒಂದು ಮೇಲ್‌ಗೆ ಉತ್ತರ ಕೊಡದೆ ನಿಂತ ಫೈಲುಗಳೇ ರಾಶಿ. ಯಾವ ಮೇಜಿನ ಮೇಲೆ, ಯಾವ ಕಾಗದಕ್ಕಾಗಿ ನಿಂತಿದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ಆಫರ್ ಬರುವ ಮೊದಲೇ ಮಾಡಿಟ್ಟುಕೊಳ್ಳಬಹುದು.

ಆಸ್ಪತ್ರೆ ಇಷ್ಟು ಬಿಗಿ ಹಿಡಿಯುವುದಕ್ಕೆ ಕಾರಣವಿದೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಆಸ್ಪತ್ರೆ, ಪಡೆಯಲು ಹೊರಟ ಆಸ್ಪತ್ರೆ, ತನ್ನ ಪ್ರತಿಯೊಬ್ಬ ವೈದ್ಯರ, ನರ್ಸ್‌ಗಳ ಅರ್ಹತೆ, ನೋಂದಣಿ, ಅನುಭವಗಳನ್ನು ಪರಿಶೀಲಿಸಿದ ಪುರಾವೆಯನ್ನು ಅವರವರ ಪರ್ಸನಲ್ ಫೈಲಿನಲ್ಲಿ ಇಡಬೇಕು. ತಪಾಸಣೆಗೆ ಬಂದ ಅಸೆಸರ್ ವಾರ್ಡಿಗೆ ಹೋಗಿ, ಆ ಹೊತ್ತಿಗೆ ಡ್ಯೂಟಿಯಲ್ಲಿದ್ದವರ ಹೆಸರು ಬರೆದುಕೊಂಡು ಅವರ ಫೈಲ್ ತರಿಸುತ್ತಾರೆ. ಅದರಲ್ಲಿ ನೋಂದಣಿಯ ಪ್ರತಿ ಇಲ್ಲದಿದ್ದರೆ ಉತ್ತರಿಸಬೇಕಾದವರು ಎಚ್‌ಆರ್‌ನವರು. ಹಾಗಾಗಿ "ಆಮ್ಯಾಲೆ ಕೊಡ್ತೀನ್ರಿ" ಎಂಬ ಮಾತಿಗೆ ಈಗ ಬೆಲೆ ಇಲ್ಲ.

ಹೆಸರಿನಿಂದ ಶುರು ಮಾಡೋಣ. ನಮ್ಮ ಭಾಗದಲ್ಲಿ ಫೈಲು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಶಾಲೆಗೆ ಸೇರಿಸುವಾಗ ಅಜ್ಜ ಹೇಳಿದ ಹೆಸರು ನೀಲವ್ವ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನೀಲಮ್ಮ. ಆಧಾರದಲ್ಲಿ ನೀಲಾ. ನರ್ಸಿಂಗ್ ನೋಂದಣಿಯಲ್ಲಿ ಇನಿಶಿಯಲ್ ಮೊದಲು, ಅಡ್ಡಹೆಸರು ಕೊನೆಗೆ. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ನಡುವೆ. ಮದುವೆಯಾದ ಮೇಲೆ ತೆಗೆದ ಬ್ಯಾಂಕ್ ಖಾತೆಯಲ್ಲಿ ಗಂಡನ ಮನೆಯ ಅಡ್ಡಹೆಸರು. ಊರಿನವರಿಗೆಲ್ಲ ಇವರು ಒಬ್ಬರೇ ಎಂದು ಗೊತ್ತು. ದೂರದ ಊರಿನಲ್ಲಿ ಕುಳಿತು ಪರದೆಯ ಮೇಲೆ ಎರಡು ಕಾಗದ ಅಕ್ಕಪಕ್ಕ ಇಟ್ಟು ನೋಡುವ, ಆಸ್ಪತ್ರೆಯ ಪರವಾಗಿ ದಾಖಲೆ ಪರಿಶೀಲಿಸುವ ವೆರಿಫಿಕೇಶನ್ ಏಜೆನ್ಸಿಯವರಿಗೆ ಅದು ಹೇಗೆ ಗೊತ್ತಾಗಬೇಕು? ಬಸವರಾಜ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಕಡೆ ‘ವಿ’ ಹಾಕಿ, ಇನ್ನೊಂದು ಕಡೆ ‘ಡಬ್ಲ್ಯೂ’ ಹಾಕಿ ಬರೆದಿದ್ದರೂ ಅವರು ‘ಹೊಂದಾಣಿಕೆ ಇಲ್ಲ’ ಎಂದು ಗುರುತು ಹಾಕುತ್ತಾರೆ.

ಊರಿನ ಹೆಸರಿನದೂ ಇದೇ ತೊಡಕು. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಅದಕ್ಕಿಂತ ಮೊದಲು ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ‘ರೋಣ ತಾಲೂಕು, ಧಾರವಾಡ ಜಿಲ್ಲೆ’ ಅಂತಲೋ ‘ಹಾನಗಲ್ಲ ತಾಲೂಕು, ಧಾರವಾಡ ಜಿಲ್ಲೆ’ ಅಂತಲೋ ಇರುತ್ತದೆ. ಅದೇ ಊರು ಆಧಾರದಲ್ಲಿ ಗದಗ ಜಿಲ್ಲೆ, ಹಾವೇರಿ ಜಿಲ್ಲೆ. ಮುಂದೆ ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟಿಹಳ್ಳಿ, ಅಣ್ಣಿಗೇರಿ ತಾಲೂಕುಗಳಾದವು, ಹೀಗಾಗಿ ಕೆಲವರ ತಾಲೂಕೂ ಬದಲಾಯಿತು. 2014ರ ನವೆಂಬರ್ 1ರಿಂದ ಇಂಗ್ಲಿಷ್ ಬರಹದಲ್ಲಿದ್ದ ‘ಹುಬ್ಳಿ’ ಹೋಗಿ ‘ಹುಬ್ಬಳ್ಳಿ’ ಬಂತು. ಒಂದು ಅನುಭವ ಪತ್ರದಲ್ಲಿ ಹಳೆಯ ಸ್ಪೆಲಿಂಗ್, ಇನ್ನೊಂದರಲ್ಲಿ ಹೊಸದು. ಇದನ್ನೆಲ್ಲ ಒಂದು ಸಾಲಿನಲ್ಲಿ ವಿವರಿಸಿ ಬರೆದುಕೊಟ್ಟರೆ ಎರಡು ವಾರ ಉಳಿಯುತ್ತದೆ. ಬರೆಯದಿದ್ದರೆ ಏಜೆನ್ಸಿ ಕೇಳುತ್ತದೆ, ಎಚ್‌ಆರ್ ನಿಮ್ಮನ್ನು ಕೇಳುತ್ತಾರೆ, ನೀವು ಉತ್ತರಿಸುತ್ತೀರಿ, ಅದು ಮತ್ತೆ ಸರದಿಯ ಕೊನೆಗೆ ಹೋಗಿ ನಿಲ್ಲುತ್ತದೆ.

ಅದಕ್ಕೆ ಮದ್ದು ಒಂದು ಹಾಳೆ. ಎ4 ಹಾಳೆಯ ಮೇಲೆ ಐದು ಕಾಲಂ ಎಳೆಯಿರಿ: ಕ್ರಮ ಸಂಖ್ಯೆ, ದಾಖಲೆ, ಅದರಲ್ಲಿರುವ ಹೆಸರು, ಅದರಲ್ಲಿರುವ ಊರು-ಜಿಲ್ಲೆ, ವ್ಯತ್ಯಾಸಕ್ಕೆ ಕಾರಣ. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಬ್ಯಾಂಕ್ ಪಾಸ್‌ಬುಕ್ಕಿನ ತನಕ ಎಲ್ಲವನ್ನೂ ಕಾಗದದಲ್ಲಿ ಇರುವುದು ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ ಬರೆಯಿರಿ. ಕೊನೆಯ ಕಾಲಂನಲ್ಲಿ ‘ಮದುವೆಯ ನಂತರ ಅಡ್ಡಹೆಸರು ಬದಲು, ವಿವಾಹ ನೋಂದಣಿ ಪತ್ರ ಲಗತ್ತು’, ‘1997ರ ಮುಂಚೆ ಧಾರವಾಡ ಜಿಲ್ಲೆ, ಈಗ ಗದಗ’ ಎಂದು ಬರೆದು ಕೆಳಗೆ ಸಹಿ, ದಿನಾಂಕ ಹಾಕಿ. ಇದು ಪಿಡಿಎಫ್‌ನ ಮೊದಲ ಪುಟವಾಗಲಿ. ಈ ಹಾಳೆ ಇರುವ ಫೈಲನ್ನು ನೋಡುವವರ ಮುಖವೇ ಬೇರೆ ಆಗುತ್ತದೆ.

ತಿದ್ದುವುದಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಬುಡವೆಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಆಧಾರದಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದು ಸಲ ಮಾತ್ರ ಬದಲಿಸಲು ಬರುತ್ತದೆ, ಆದ್ದರಿಂದ ಅವಸರದಲ್ಲಿ ಆ ಅವಕಾಶ ಸುಟ್ಟುಕೊಳ್ಳಬೇಡಿ. ಮೊದಲು ಆಧಾರ, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್, ಪಿಎಫ್. ಅಂಕಪಟ್ಟಿಯೇ ತಪ್ಪಿದ್ದರೆ ತಿದ್ದುಪಡಿ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಕೈಯಲ್ಲಿ ಆಫರ್ ಇಟ್ಟುಕೊಂಡು ಆ ಕೆಲಸಕ್ಕೆ ಕೈ ಹಾಕುವುದು ಬೇಡ. ಎರಡೂ ಹೆಸರಿನವರು ಒಬ್ಬರೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಈಗಿನ ದಾರಿ ದಾಟಿ, ಕೆಲಸ ಸಿಕ್ಕ ಮೇಲೆ ಅಂಕಪಟ್ಟಿ ತಿದ್ದಿಸಿ.

ನೋಂದಣಿಯ ವಿಷಯ ಚಿಕ್ಕದು, ಆದರೆ ಇದಿಲ್ಲದೆ ರೋಗಿಯ ಹತ್ತಿರ ಬಿಡುವುದಿಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಪ್ರಮಾಣಪತ್ರದ ಎರಡೂ ಬದಿ ಸ್ಕ್ಯಾನ್ ಮಾಡಿ. ನವೀಕರಣದ ಮುದ್ರೆ ಹಿಂಬದಿಯಲ್ಲಿದ್ದು ಮುಂಬದಿ ಮಾತ್ರ ಕಳಿಸಿದವರ ಫೈಲು ‘ಅವಧಿ ಮುಗಿದಿದೆ’ ಎಂದು ವಾಪಸ್ ಬರುತ್ತದೆ. ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಆ ಐದು ವರ್ಷದಲ್ಲಿ 150 ಗಂಟೆಯ ಮುಂದುವರಿದ ಶಿಕ್ಷಣ ತೋರಿಸಬೇಕು. ಇಂಥ ಶಿಕ್ಷಣದ (ಸಿಎನ್‌ಇ) ಕಾರ್ಯಕ್ರಮಕ್ಕೆ ಹೋದಾಗ ಕೊಟ್ಟ ಪ್ರಮಾಣಪತ್ರಗಳನ್ನು ಹಾಸಿಗೆಯ ಕೆಳಗೆ ಎಸೆಯದೆ ಒಂದೇ ಕವರಿನಲ್ಲಿ ಇಟ್ಟವರು ಇಲ್ಲಿ ಗೆಲ್ಲುತ್ತಾರೆ. ಎನ್‌ಯುಐಡಿ, ಅಂದರೆ ನರ್ಸ್‌ಗಳ ರಾಷ್ಟ್ರೀಯ ಗುರುತಿನ ಸಂಖ್ಯೆ ಇದ್ದರೆ ಅದನ್ನೂ ಕೊಡಿ. ಬೇರೆ ರಾಜ್ಯದಲ್ಲಿ ನೋಂದಣಿ ಆದವರಿಗೆ ಆ ರಾಜ್ಯದ ಕೌನ್ಸಿಲ್‌ನಿಂದ ಎನ್‌ಒಸಿ ಬಂದು ಇಲ್ಲಿ ನೋಂದಣಿ ಆಗುವ ತನಕ ಕಾಯುವುದು ತಪ್ಪಿದ್ದಲ್ಲ. ಆ ಅರ್ಜಿಯನ್ನು ಸಂದರ್ಶನಕ್ಕಿಂತ ಮೊದಲೇ ಹಾಕಿರಬೇಕು.

ಓದಿನ ಪರಿಶೀಲನೆಗೆ ಬಿಎಸ್‌ಸಿ ನರ್ಸಿಂಗ್ ಆದವರದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಜಿಎನ್‌ಎಂ ಆದವರದು ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಗೆ, ಲ್ಯಾಬ್, ಎಕ್ಸ್‌ರೇ, ಒಟಿ ಡಿಪ್ಲೊಮಾದವರದು ಪ್ಯಾರಾಮೆಡಿಕಲ್ ಬೋರ್ಡಿಗೆ. ಮೂರೂ ಬೆಂಗಳೂರಿನಲ್ಲಿ. ಏಜೆನ್ಸಿ ಶುಲ್ಕ ಕಟ್ಟಿ ಕೇಳುತ್ತದೆ, ಉತ್ತರ ಅವರ ಸರದಿ ಬಂದಾಗ ಬರುತ್ತದೆ. ಪರೀಕ್ಷೆ, ಫಲಿತಾಂಶದ ಹೊತ್ತಿನಲ್ಲಿ ಸರದಿ ಉದ್ದ. ನಿಮ್ಮ ಕೈಯಲ್ಲಿರುವುದು ಎರಡೇ: ರಿಜಿಸ್ಟರ್ ನಂಬರ್ ಸ್ಪಷ್ಟವಾಗಿ ಕಾಣುವ ಪ್ರತಿ ಕೊಡುವುದು, ಮತ್ತು ಏಜೆನ್ಸಿ ಅರ್ಜಿ ಹಾಕಿದ ದಿನಾಂಕ, ರೆಫರೆನ್ಸ್ ನಂಬರ್ ಕೇಳಿ ಇಟ್ಟುಕೊಳ್ಳುವುದು. ಮೊಬೈಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊದಲ್ಲಿ ಕೈಯ ನೆರಳು ಬಿದ್ದು 3 ಹೋಗಿ 8 ಆದರೆ ‘ದಾಖಲೆ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ, ಮತ್ತೆ ಮೊದಲಿನಿಂದ. ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಫ್ಲಾಟ್‌ಬೆಡ್ ಸ್ಕ್ಯಾನ್ ಮಾಡಿಸಿ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಸಿಕ್ಕರೆ ಅದನ್ನೇ ಕೊಡಿ. ಅದು ಕೊಟ್ಟವರ ಕಡೆಯಿಂದಲೇ ಬಂದ ಪ್ರತಿ, ಆದ್ದರಿಂದ ತೂಕ ಹೆಚ್ಚು.

ಏಜೆನ್ಸಿ ಕೆಲಸ ಶುರು ಮಾಡುವುದೇ ನಿಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದ ಮೇಲೆ. ಆಫರ್ ಮೇಲ್‌ಗೆ ಲಗತ್ತಿಸಿದ ಮೂರೋ ನಾಲ್ಕೋ ಫಾರ್ಮಿನ ನಡುವೆ ಅದು ಅಡಗಿರುತ್ತದೆ. ಅದನ್ನು ತೆರೆದು ನೋಡದೆ ‘ಎಲ್ಲಾ ಕಳಿಸೀನಿ’ ಎಂದು ಇಪ್ಪತ್ತು ದಿನ ಕಾದವರಿದ್ದಾರೆ.

ಪೊಲೀಸ್ ವೆರಿಫಿಕೇಶನ್‌ನಲ್ಲಿ ನಮ್ಮ ಕಡೆಯವರು ಎಡವುವ ಜಾಗ ಒಂದಿದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೆ ಬರುತ್ತದೆ. ಕುಂದಗೋಳ, ನವಲಗುಂದ, ಕಲಘಟಗಿಯಂಥ ಊರುಗಳು ಧಾರವಾಡ ಜಿಲ್ಲಾ ಎಸ್‌ಪಿ ವ್ಯಾಪ್ತಿಗೆ. ಗದಗ, ಹಾವೇರಿಗೆ ಅವರವರ ಎಸ್‌ಪಿ. ಪಿಜಿ ಗೋಕುಲ ರಸ್ತೆಯಲ್ಲಿ, ಮನೆ ಕುಂದಗೋಳದಲ್ಲಿ ಇದ್ದವರು ಸರ್ಕಾರದ ಆನ್‌ಲೈನ್ ಅರ್ಜಿ ತಾಣ ಸೇವಾ ಸಿಂಧುವಿನಲ್ಲಿ ಎರಡೂ ಧಾರವಾಡ ಜಿಲ್ಲೆಯೇ ಅಲ್ಲವೇ ಎಂದು ಒಂದೇ ಘಟಕ ಆರಿಸಿದರೆ ಅರ್ಜಿ ತಪ್ಪು ಠಾಣೆಗೆ ಹೋಗಿ ವಾಪಸ್ ಬರುತ್ತದೆ. ಆಸ್ಪತ್ರೆಗೆ ಬೇಕಾದದ್ದು ಈಗಿನ ವಿಳಾಸದ್ದೋ ಕಾಯಂ ವಿಳಾಸದ್ದೋ ಎಂಬುದನ್ನು ಎಚ್‌ಆರ್‌ಗೆ ಲಿಖಿತವಾಗಿ ಕೇಳಿ, ಆಮೇಲೆ ಅರ್ಜಿ ಹಾಕಿ. ಎರಡೂ ಬೇಕೆಂದರೆ ಎರಡು ಅರ್ಜಿ.

ಅರ್ಜಿ ಠಾಣೆಗೆ ಬಂದಮೇಲೆ ಬೀಟ್ ಸಿಬ್ಬಂದಿ ಫೋನ್ ಮಾಡುತ್ತಾರೆ ಅಥವಾ ಮನೆಗೆ ಬರುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಮಲಗಿದವರ ಫೋನ್ ಸೈಲೆಂಟ್, ಪಿಜಿ ಬಾಗಿಲಿಗೆ ಬಂದವರಿಗೆ ವಾರ್ಡನ್ "ಗೊತ್ತಿಲ್ರಿ" ಅಂದರು ಎಂದರೆ ‘ವಿಳಾಸದಲ್ಲಿ ವಾಸವಿಲ್ಲ’ ಎಂಬ ಷರಾ ಬೀಳುತ್ತದೆ. ಆದ್ದರಿಂದ ಅರ್ಜಿ ಹಾಕಿದ ದಿನವೇ ಪಿಜಿ ಮಾಲೀಕರಿಗೆ, ಊರಲ್ಲಿ ಅವ್ವ-ಅಪ್ಪನಿಗೆ ಹೇಳಿಡಿ. ಬಾಡಿಗೆ ಕರಾರು ಅಥವಾ ಮಾಲೀಕರ ಪತ್ರ ಕೈಯಲ್ಲಿರಲಿ. ವಾರ ಕಳೆದರೂ ಸುಳಿವಿಲ್ಲದಿದ್ದರೆ ಆಧಾರ, ಫೋಟೊ, ಸ್ವೀಕೃತಿ ಹಿಡಿದು ಬೆಳಿಗ್ಗೆ ಠಾಣೆಗೆ ಹೋಗಿ, "ಸರ್, ಕೆಲಸದ ವೆರಿಫಿಕೇಶನ್ ಅರ್ಜಿ ಬಂದೈತೇನ್ರಿ? ನಂಬರ್ ಇದು" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಸ್ವೀಕೃತಿಯ ಮೇಲೆ ಸಕಾಲದ (ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕೆನ್ನುವ ರಾಜ್ಯದ ಕಾಯ್ದೆ) ಜಿಎಸ್‌ಸಿ ಸಂಖ್ಯೆ ಇದ್ದರೆ ಅದರ ಗಡುವೂ ಇರುತ್ತದೆ. ಗಡುವು ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹೋಗಬಹುದು. ಆ ಕಾಯ್ದೆಯಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವಿದೆ. ಹಣ ಸಣ್ಣದು, ಆದರೆ ಆ ಸಂಖ್ಯೆ ಹೇಳಿ ಕೇಳಿದವರ ಅರ್ಜಿಯನ್ನು ತೆಗೆದು ನೋಡುತ್ತಾರೆ.

ಯಾವುದಾದರೂ ಪ್ರಕರಣದಲ್ಲಿ ಹೆಸರಿದ್ದರೆ ಮುಚ್ಚಿಡಬೇಡಿ. ಊರಿನ ಜಗಳದಲ್ಲಿ ಮನೆಮಂದಿಯ ಹೆಸರನ್ನೆಲ್ಲ ಸೇರಿಸಿ ದೂರು ಕೊಡುವುದು ಅಪರೂಪವೇನಲ್ಲ. ಇದ್ದುದನ್ನು ಇದ್ದಂತೆ ಬರೆದು, ಪ್ರಕರಣ ಯಾವ ಹಂತದಲ್ಲಿದೆ ಎಂದು ಹೇಳಿ, ಆದೇಶದ ಪ್ರತಿ ಇದ್ದರೆ ಲಗತ್ತಿಸಿ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ನೇಮಕಾತಿ ಫಾರ್ಮಿನಲ್ಲಿ ನಿಜ ಹೇಳುವುದು ಅಭ್ಯರ್ಥಿಯ ಹೊಣೆ ಎಂದೇ ಹೇಳಿತು. ಕ್ಷುಲ್ಲಕ ಪ್ರಕರಣಗಳನ್ನು ಉದ್ಯೋಗದಾತರು ಮನ್ನಿಸಲು ಅವಕಾಶವಿದೆ ಎಂದೂ ಹೇಳಿತು. ಪ್ರಕರಣಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚು ಕೆಲಸ ಕೆಡಿಸುತ್ತದೆ.

ಹಳೆಯ ಆಸ್ಪತ್ರೆಯಿಂದ ಬರಬೇಕಾದ ಉತ್ತರಕ್ಕೆ ಬಹಳ ದಿನ ಹಿಡಿಯುತ್ತದೆ, ಏಕೆಂದರೆ ಅಲ್ಲಿ ಯಾರಿಗೂ ಅದು ಅವಸರದ ಕೆಲಸವಲ್ಲ. ಏಜೆನ್ಸಿಯ ಮೇಲ್ ಆಸ್ಪತ್ರೆಯ ಸಾಮಾನ್ಯ ಐಡಿಗೆ ಹೋಗಿ ಯಾರೂ ತೆರೆಯದೆ ಬಿದ್ದಿರುತ್ತದೆ. ರೆಫರೆನ್ಸ್‌ಗೆ ಕೊಟ್ಟ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ಬೆಂಗಳೂರಿನ ಲ್ಯಾಂಡ್‌ಲೈನ್‌ನಿಂದ ಕರೆ ಬರುತ್ತದೆ, ಅವರು ಸಾಲದ ಏಜೆಂಟರೆಂದು ಕಟ್ ಮಾಡುತ್ತಾರೆ. ಮೂರು ಸಲ ಹೀಗಾದರೆ ವರದಿಯಲ್ಲಿ ‘ಪರಿಶೀಲಿಸಲಾಗಲಿಲ್ಲ’ ಎಂದು ಬರುತ್ತದೆ. ಏಜೆನ್ಸಿಗಳ ವರದಿಯಲ್ಲಿ ಹಸಿರು ಎಂದರೆ ಸರಿ, ಕೆಂಪು ಎಂದರೆ ವ್ಯತ್ಯಾಸ, ನಡುವಿನ ಕಿತ್ತಳೆ-ಹಳದಿ ಎಂದರೆ ಉತ್ತರ ಸಿಕ್ಕಿಲ್ಲ. ಕಿತ್ತಳೆ ಬಂದರೆ ಕೆಲಸ ಹೋಯಿತೆಂದು ಅಳುವುದು ಬೇಡ. ಬೇರೆ ಪುರಾವೆ ಕೊಡಲು ಅದು ಅವಕಾಶ.

ರೆಫರೆನ್ಸ್ ಕೊಡುವ ಮುಂಚೆ ಆ ಸಿಸ್ಟರ್‌ಗೆ ಫೋನ್ ಮಾಡಿ: "ಸಿಸ್ಟರ್ ರೀ, ಈ ವಾರ ನನ್ನ ಬಗ್ಗೆ ಕೇಳಾಕ ಹೊರಗಿನ ನಂಬರಿಂದ ಫೋನ್ ಬರ್ತೈತ್ರಿ. ಎತ್ರಿ, ನಾ ನಿಮ್ಮ ಕೈಕೆಳಗ ಯಾವ ತಿಂಗಳಿಂದ ಯಾವ ತಿಂಗಳ ತನಕಾ ಇದ್ದೆ ಅಂತ ಮೆಸೇಜ್ ಹಾಕೀನ್ರಿ." ಆ ಮೆಸೇಜಿನಲ್ಲಿ ಸೇರಿದ ದಿನ, ಬಿಟ್ಟ ದಿನ, ವಾರ್ಡು, ಹುದ್ದೆ ಇರಲಿ. ನಿಮ್ಮ ಬಯೋಡೇಟಾದಲ್ಲಿ ಜೂನ್ ಎಂದಿದ್ದು ಅವರು ಆಗಸ್ಟ್ ಎಂದರೆ ಅದೂ ಒಂದು ವ್ಯತ್ಯಾಸವೇ.

ಸಣ್ಣ ನರ್ಸಿಂಗ್ ಹೋಂನಲ್ಲಿ ಕೆಲಸ ಮಾಡಿದ್ದು ಅದು ಈಗ ಮುಚ್ಚಿದ್ದರೆ, ಅಥವಾ ಮಾಲೀಕರು ಬದಲಾಗಿ ಹೆಸರೇ ಬೇರೆ ಆಗಿದ್ದರೆ, ಅನುಭವ ಪತ್ರದ ಲೆಟರ್‌ಹೆಡ್‌ನಲ್ಲಿ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಸರ್ಕಾರಿ ನೋಂದಣಿ) ಸಂಖ್ಯೆ ಇದೆಯೇ ನೋಡಿ. ಅದಿದ್ದರೆ ಆಸ್ಪತ್ರೆ ನಿಜವಾಗಿ ಇತ್ತು ಎಂದು ತೋರಿಸುವುದು ಸುಲಭ. ಅದಿಲ್ಲದಿದ್ದರೆ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ ಕೊಡಿ. ಪಿಎಫ್‌ನಲ್ಲಿ ಎರಡು ಗಂಟು ಬೀಳುತ್ತವೆ. ಮೊದಲನೆಯದು, ಅನುಭವ ಪತ್ರದಲ್ಲಿ ಎರಡು ವರ್ಷ ಇದ್ದು ಪಿಎಫ್ ಹದಿನಾಲ್ಕು ತಿಂಗಳಷ್ಟೇ ಕಟ್ಟಿರುವುದು. ಮೊದಲ ತಿಂಗಳುಗಳ ಸಂಬಳದ ಚೀಟಿಯಿಂದ ಆ ಅಂತರ ತುಂಬಬೇಕು. ಎರಡನೆಯದು, ಹಳೆಯ ಆಸ್ಪತ್ರೆ ನೀವು ಬಿಟ್ಟ ದಿನಾಂಕವನ್ನು ನಮೂದಿಸದೆ ಬಿಟ್ಟಿರುವುದು. ಆಗ ನೀವು ಇನ್ನೂ ಅಲ್ಲೇ ಕೆಲಸದಲ್ಲಿದ್ದೀರಿ ಎಂದು ಕಾಣುತ್ತದೆ. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳ ನಂತರ ಯುಎಎನ್ (ಪಿಎಫ್ ಖಾತೆಯ ಸಂಖ್ಯೆ) ಲಾಗಿನ್‌ನಲ್ಲಿ ಆಧಾರ್ ಒಟಿಪಿ ಹಾಕಿ ಬಿಟ್ಟ ದಿನಾಂಕವನ್ನು ನೀವೇ ನಮೂದಿಸಬಹುದು. ಅಷ್ಟು ಸಮಯ ಇಲ್ಲವೆಂದರೆ ರಿಲೀವಿಂಗ್ ಲೆಟರ್ ಒಂದೇ ಆಧಾರ.

ರಿಲೀವಿಂಗ್ ಲೆಟರ್ ಬೇಕೆಂದರೆ ನೋ ಡ್ಯೂಸ್ ಫಾರ್ಮ್, ಅಂದರೆ ನಿಮ್ಮಿಂದ ಏನೂ ಬಾಕಿ ಇಲ್ಲವೆಂದು ಪ್ರತಿ ವಿಭಾಗವೂ ಸಹಿ ಹಾಕುವ ಹಾಳೆ, ಪೂರ್ತಿಯಾಗಬೇಕು. ಆ ಒಂದು ಹಾಳೆಯಲ್ಲಿ ವಾರ್ಡ್, ಫಾರ್ಮಸಿ, ಸ್ಟೋರ್, ಲಾಂಡ್ರಿ, ಲೈಬ್ರರಿ, ಹಾಸ್ಟೆಲ್, ಮೆಸ್, ಐಟಿ, ಅಕೌಂಟ್ಸ್ ಎಂದು ಎಂಟು-ಹತ್ತು ಚೌಕ. ಲಾಂಡ್ರಿಯವರು ಮಧ್ಯಾಹ್ನ ಇರುವುದಿಲ್ಲ, ಅಕೌಂಟ್ಸ್‌ನವರು ತಿಂಗಳ ಕೊನೆಯಲ್ಲಿ ಸಂಬಳದ ಗಡಿಬಿಡಿಯಲ್ಲಿರುತ್ತಾರೆ, ಸ್ಟೋರಿನವರು ಎರಡು ವರ್ಷದ ಹಿಂದೆ ಕೊಟ್ಟ ಸ್ಟೆತೊಸ್ಕೋಪ್ ಕೇಳುತ್ತಾರೆ. ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಕೊನೆಯ ವಾರದ ಬೆಳಗಿನ ಹೊತ್ತು ದಿನಕ್ಕೆ ಎರಡು ಸಹಿ ಹಾಕಿಸುತ್ತ ಹೋಗಿ. ಪೂರ್ತಿಯಾದ ಹಾಳೆಯ ಫೋಟೊ ತೆಗೆದುಕೊಂಡೇ ಕೊಡಿ.

ಇನ್ನು ವೈದ್ಯಕೀಯ ತಪಾಸಣೆ. ಇಲ್ಲಿ ಕಾಯುವುದಕ್ಕೆ ಕಾರಣ ಯಾರ ಆಲಸ್ಯವೂ ಅಲ್ಲ. ದೇಹಕ್ಕೆ ಬೇಕಾದಷ್ಟು ದಿನ ಬೇಕೇ ಬೇಕು.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ-ಎಚ್‌ಬಿಎಸ್ ಟೈಟರ್, ಅಂದರೆ ರಕ್ತದಲ್ಲಿ ರೋಗನಿರೋಧಕದ ಮಟ್ಟ, ನೋಡಬೇಕು. ಅದು 10 ಅಥವಾ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ಓದುವಾಗ ಕಾಲೇಜಿನಲ್ಲಿ ಹಾಕಿಸಿಕೊಂಡ ಲಸಿಕೆಯ ಕಾರ್ಡ್ ಕಳೆದುಹೋಗಿದ್ದರೂ ಟೈಟರ್ ಮಾಡಿಸಿ. ಲಸಿಕೆ ಹಾಕಿ ಬಹಳ ವರ್ಷವಾದವರಲ್ಲಿ ಅಂಕಿ ಕೆಳಗಿಳಿದಿರುವುದು ಸಾಮಾನ್ಯ. ಒಂದು ಡೋಸ್ ಹಾಕಿಸಿಕೊಂಡು ಒಂದೆರಡು ತಿಂಗಳ ನಂತರ ಮತ್ತೆ ನೋಡಿದರೆ ಸಾಕಷ್ಟು ಜನರಲ್ಲಿ ಏರಿರುತ್ತದೆ. ಏರದಿದ್ದರೆ ಉಳಿದ ಎರಡು ಡೋಸ್ ಪೂರ್ತಿ ಮಾಡಬೇಕು. ಎರಡು ಸರಣಿ ಆದಮೇಲೂ 10ಕ್ಕಿಂತ ಕಡಿಮೆ ಇದ್ದವರು ಲಸಿಕೆಗೆ ಸ್ಪಂದಿಸದವರು. ಅವರು ಸೂಜಿ ಚುಚ್ಚಿಕೊಂಡರೆ ಬೇರೆ ಚಿಕಿತ್ಸೆ ಬೇಕಾಗುತ್ತದೆ, ಆದ್ದರಿಂದ ಅದು ಫೈಲಿನಲ್ಲಿ ಇರಬೇಕು. ಇದು ಅವರ ತಪ್ಪಲ್ಲ, ಕೆಲಸಕ್ಕೆ ಅನರ್ಹತೆಯೂ ಅಲ್ಲ.

ಆರು ತಿಂಗಳ ಸರಣಿ ಮುಗಿಯುವ ತನಕ ಯಾರೂ ಕಾಯಲಾರರು. ಆಸ್ಪತ್ರೆಯ ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಹತ್ತಿರ ಹೋಗಿ ‘ಲಸಿಕೆ ಶುರುವಾಗಿದೆ, ಮುಂದಿನ ಡೋಸ್ ಇಂಥ ದಿನ’ ಎಂಬ ಚೀಟಿ ಬರೆಸಿಕೊಳ್ಳಿ. ಎಚ್‌ಆರ್ ಫಾರ್ಮಿನಲ್ಲಿ ‘ಟೈಟರ್’ ಎಂಬ ಚೌಕ ಖಾಲಿ ಇರುವುದಕ್ಕೆ ಫೈಲು ನಿಲ್ಲಿಸಿದವರು ಈ ಚೀಟಿ ನೋಡಿ ಮುಂದೆ ಬಿಡುತ್ತಾರೆ. ಎಚ್‌ಆರ್ ಜೊತೆ ವಾದಿಸುವುದಕ್ಕಿಂತ ಇದು ಬೇಗ ಆಗುವ ಕೆಲಸ.

ಕ್ಷಯದ ಸೋಂಕು ನೋಡುವ ಮಾಂಟೂ ಪರೀಕ್ಷೆಯಲ್ಲಿ ದಿನದ ಲೆಕ್ಕ ತಪ್ಪುತ್ತದೆ. ಮುಂಗೈಯ ಒಳಬದಿಯಲ್ಲಿ, ಚರ್ಮದೊಳಗೆ 0.1 ಎಂಎಲ್ ಕೊಟ್ಟಾಗ ಸಣ್ಣ ಗುಳ್ಳೆ ಏಳುತ್ತದೆ. ಅದನ್ನು 48ರಿಂದ 72 ಗಂಟೆಯೊಳಗೆ ಓದಬೇಕು. ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಹಾಕಿಸಿಕೊಂಡವರ ಓದುವ ಸಮಯ ಶನಿವಾರ ನಾಲ್ಕರಿಂದ ಭಾನುವಾರ ನಾಲ್ಕರ ತನಕ. ಶನಿವಾರ ಅರ್ಧ ದಿನ ಓಪಿಡಿ, ಭಾನುವಾರ ರಜೆ. ಸೋಮವಾರ ಹೋದರೆ ಅವಧಿ ಮೀರಿದೆ, ಮತ್ತೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ಸೋಮವಾರ, ಮಂಗಳವಾರ ಹಾಕಿಸಿಕೊಂಡರೆ ಈ ಪೇಚೇ ಇಲ್ಲ. ಓದುವಾಗ ಕೆಂಪು ಎಷ್ಟಗಲ ಹರಡಿದೆ ಎಂಬುದು ಲೆಕ್ಕಕ್ಕಿಲ್ಲ. ಬೆರಳಿನಿಂದ ಮುಟ್ಟಿ ಗಟ್ಟಿಯಾದ ಜಾಗದ ಅಂಚು ಹುಡುಕಿ, ಬಾಲ್‌ಪೆನ್ನಿನಿಂದ ಎರಡೂ ಕಡೆ ಗುರುತು ಹಾಕಿ, ಕೈಗೆ ಅಡ್ಡಲಾಗಿ ಸ್ಕೇಲ್ ಇಟ್ಟು ಮಿಲಿಮೀಟರ್‌ನಲ್ಲಿ ಬರೆಯಬೇಕು. ವರದಿಯಲ್ಲಿ ‘ಪಾಸಿಟಿವ್’ ಎಂದಷ್ಟೇ ಇದ್ದರೆ ಮಿಲಿಮೀಟರ್ ಬರೆದುಕೊಡಲು ಕೇಳಿ. ನಮ್ಮಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್ ಅಥವಾ ಹೆಚ್ಚು ಇದ್ದರೆ ಪಾಸಿಟಿವ್ ಎಂದು ಹಿಡಿಯುತ್ತಾರೆ. ಹಾಗೆಂದರೆ ಕ್ಷಯ ಬಂದಿದೆ ಎಂದಲ್ಲ. ಬಿಸಿಜಿ ಹಾಕಿಸಿಕೊಂಡವರಲ್ಲಿ, ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಇದು ಕಾಣುವಂಥದ್ದೇ. ಎದೆಯ ಎಕ್ಸ್‌ರೇ, ಲಕ್ಷಣಗಳ ವಿಚಾರಣೆ ಆಗಿ ವೈದ್ಯರು ಫಿಟ್ ಎಂದು ಬರೆದರೆ ಆಯಿತು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯೂ ಬಾಕಿ ಇದ್ದರೆ ಮಾಂಟೂ ಹಾಕಿಸಿಕೊಂಡ ದಿನವೇ ಅದನ್ನೂ ಹಾಕಿಸಿಕೊಳ್ಳಿ. ಮೊದಲೇ ಲಸಿಕೆ ಹಾಕಿಸಿಕೊಂಡರೆ ಮಾಂಟೂಗೆ ನಾಲ್ಕು ವಾರ ಕಾಯಬೇಕಾಗುತ್ತದೆ.

ಗರ್ಭಿಣಿ ಇದ್ದರೆ, ಇರಬಹುದೆಂಬ ಸಂಶಯವಿದ್ದರೂ, ಎಕ್ಸ್‌ರೇಗೂ ಎಂಎಂಆರ್, ಚಿಕನ್‌ಪಾಕ್ಸ್ ಲಸಿಕೆಗೂ ಮೊದಲು ಹೇಳಿ. ಎಚ್ಐವಿ ಪರೀಕ್ಷೆಯನ್ನು ಕೆಲಸ ಕೊಡಲು ಷರತ್ತಾಗಿ ಕೇಳುವಂತಿಲ್ಲ. 2017ರ ಎಚ್ಐವಿ ಮತ್ತು ಏಡ್ಸ್ ಕಾಯ್ದೆ ಅದನ್ನು ನಿಷೇಧಿಸಿದೆ, 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಲ್ಯಾಬಿನ ಪಟ್ಟಿಯಲ್ಲಿ ಅದನ್ನೂ ಸುಮ್ಮನೆ ಸೇರಿಸಿದ್ದರೆ "ಇದಕ್ಕ ನನ್ನ ಒಪ್ಪಿಗೆ ಇಲ್ರಿ" ಎಂದು ಹೇಳುವ ಹಕ್ಕು ನಿಮಗಿದೆ. ಎಕ್ಸ್‌ರೇ, ಸಿಟಿ ತಂತ್ರಜ್ಞರಿಗೆ ಇನ್ನೊಂದು ಕಾಯುವಿಕೆ ಟಿಎಲ್‌ಡಿ ಬ್ಯಾಡ್ಜ್‌ನದು, ಅಂದರೆ ಮೈಗೆ ತಾಗಿದ ವಿಕಿರಣ ಅಳೆಯುವ ಬಿಲ್ಲೆಯದು. ಹಳೆಯ ಆಸ್ಪತ್ರೆಯಲ್ಲಿದ್ದ ಬ್ಯಾಡ್ಜ್ ಸಂಖ್ಯೆ, ಡೋಸ್ ದಾಖಲೆ ಬರೆದಿಟ್ಟುಕೊಂಡು ಕೊಡಿ, ಹೊಸದನ್ನು ತರಿಸುವುದು ಬೇಗ ಆಗುತ್ತದೆ. ಬ್ಯಾಡ್ಜ್ ಬರುವ ಮೊದಲು ವಿಕಿರಣದ ಕೋಣೆಯಲ್ಲಿ ನಿಲ್ಲಬೇಡಿ.

ಕಾಯುವ ದಿನಗಳಲ್ಲಿ ದಿನವೂ ಫೋನ್ ಮಾಡಿದರೆ ಎಚ್‌ಆರ್‌ನವರು ಎತ್ತುವುದನ್ನೇ ಬಿಡುತ್ತಾರೆ. ವಾರಕ್ಕೊಂದು ಮೇಲ್ ಸಾಕು, ಮಂಗಳವಾರ ಅಥವಾ ಬುಧವಾರ. ಸೋಮವಾರ ಹೊಸಬರ ಜಾಯಿನಿಂಗ್, 25ರ ನಂತರ ಸಂಬಳದ ಕೆಲಸ, ಆಗ ಬರೆದದ್ದು ಕೆಳಗೆ ಹೋಗುತ್ತದೆ. ಹೀಗೆ ಬರೆಯಿರಿ: ‘ನಮಸ್ಕಾರ ಮೇಡಂ. ಸ್ಟಾಫ್ ನರ್ಸ್ ಹುದ್ದೆ, ಆಫರ್ ದಿನಾಂಕ ಇಂಥದ್ದು. ನನ್ನ ಫೈಲಿನಲ್ಲಿ ಈಗ ಬಾಕಿ ಇರುವ ಪರಿಶೀಲನೆ ಯಾವುದು? ಅದು ಯಾರ ಬಳಿ, ಯಾವ ದಿನದಿಂದ ಇದೆ? ನನ್ನಿಂದ ಯಾವ ಕಾಗದ ಬೇಕು?’ ‘ಏನಾಯ್ತು ಮೇಡಂ’ ಎಂದು ಕೇಳಿದರೆ ‘ಆಗ್ತೈತ್ರಿ’ ಎಂಬ ಉತ್ತರ ಬರುತ್ತದೆ. ಈ ಮೂರು ಪ್ರಶ್ನೆಗೆ ಹಾಗೆ ಉತ್ತರಿಸಲು ಬರುವುದಿಲ್ಲ.

ರಾಜೀನಾಮೆಯ ಮಾತು ಕಳಕಳಿಯಿಂದ ಹೇಳಬೇಕಾದದ್ದು. ಆಫರ್ ಲೆಟರ್‌ನ ಕೊನೆಯ ಪುಟದಲ್ಲಿ ‘ಪರಿಶೀಲನೆ ತೃಪ್ತಿಕರವಾದರೆ ಮಾತ್ರ’ ಎಂಬ ಸಾಲು ಇದ್ದೇ ಇರುತ್ತದೆ. ಪರಿಶೀಲನೆ ಮುಗಿದ ಮೇಲ್ ಅಥವಾ ನಿಗದಿಯಾದ ಜಾಯಿನಿಂಗ್ ದಿನಾಂಕ ಬರಹದಲ್ಲಿ ಬರುವ ತನಕ ಹಳೆಯ ಕೆಲಸ ಬಿಡಬೇಡಿ. ನೋಟಿಸ್ ಅವಧಿ ಒಂದು ತಿಂಗಳಿದ್ದರೆ ಹೊಸ ಕಡೆ ಅಷ್ಟು ಸಮಯ ಕೇಳಿ. ಕೊಡದ ಆಸ್ಪತ್ರೆ ಕಡಿಮೆ. ಆಗಲೇ ಬಿಟ್ಟಾಗಿದೆ, ಮನೆಯಲ್ಲಿ ಸಂಬಳಕ್ಕೆ ಕಾದಿದ್ದಾರೆ ಎಂದರೆ, ಹೊಸ ಆಸ್ಪತ್ರೆಗೆ ಒಂದು ಪ್ರಸ್ತಾಪ ಇಡಬಹುದು: ಬಾಕಿ ಇರುವುದು ಓದಿನ ಪರಿಶೀಲನೆ ಮಾತ್ರವಾಗಿದ್ದರೆ ಓರಿಯಂಟೇಶನ್, ಇನ್ಫೆಕ್ಷನ್ ಕಂಟ್ರೋಲ್ ತರಗತಿ, ಸಾಫ್ಟ್‌ವೇರ್ ತರಬೇತಿ, ಬಿಎಲ್‌ಎಸ್ (ಜೀವ ಉಳಿಸುವ ತುರ್ತು ಚಿಕಿತ್ಸೆಯ ತರಬೇತಿ) ಇವುಗಳನ್ನು ಈಗಲೇ ಮುಗಿಸೋಣ, ಆ ದಿನಗಳಿಗೆ ಹಾಜರಿ ಹಾಕಿ. ಒಪ್ಪುವವರಿದ್ದಾರೆ.

ಆದರೆ ಆದೇಶ ಪತ್ರವಿಲ್ಲದೆ, ಹಾಜರಿಯಿಲ್ಲದೆ "ಸುಮ್ಮನ ಬಂದು ಕೆಲಸ ಕಲೀರಿ" ಎಂದು ವಾರ್ಡಿಗೆ ಕರೆದರೆ ಹೋಗಬೇಡಿ. ನೋಂದಣಿಯ ಪರಿಶೀಲನೆ ಮುಗಿಯದವರು ಇಂಜೆಕ್ಷನ್ ಕೊಟ್ಟು ಏನಾದರೂ ಹೆಚ್ಚುಕಡಿಮೆಯಾದರೆ ಆ ಹೊತ್ತಿಗೆ ಯಾವ ಕಾಗದವೂ ನಿಮ್ಮ ಬೆನ್ನಿಗಿರುವುದಿಲ್ಲ. ಸೂಜಿ ನಿಮಗೇ ಚುಚ್ಚಿದರೂ ನೀವು ಅಲ್ಲಿಯ ಸಿಬ್ಬಂದಿ ಎಂಬ ದಾಖಲೆ ಇರುವುದಿಲ್ಲ.

ಜಾಯಿನಿಂಗ್ ದಿನ ಮೂಲ ದಾಖಲೆ ತನ್ನಿ ಎನ್ನುತ್ತಾರೆ. ಮೇಜಿನ ಮೇಲೆ ಇಟ್ಟು, ಅವರು ಪ್ರತಿಗಳ ಜೊತೆ ಹೋಲಿಸಿ ‘ಮೂಲ ನೋಡಲಾಗಿದೆ’ ಎಂದು ಮುದ್ರೆ ಒತ್ತುವ ತನಕ ಎದುರಿಗೇ ಕುಳಿತಿರಿ, ಅಲ್ಲೇ ವಾಪಸ್ ತೆಗೆದುಕೊಳ್ಳಿ. "ಫೈಲ್‌ನ್ಯಾಗ ಇರಲಿ, ಬಿಡುವಾಗ ಕೊಡ್ತೀವ್ರಿ" ಎಂದರೆ ಒಪ್ಪಬೇಡಿ. ಬಾಂಡ್ ಹೆಸರಿನಲ್ಲಿ ಅಂಕಪಟ್ಟಿ ಒತ್ತೆ ಇಟ್ಟವರು ಮುಂದಿನ ಕೆಲಸಕ್ಕೆ ಹೊರಟಾಗ ಮತ್ತೆ ಇದೇ ಸಾಲಿನಲ್ಲಿ ನಿಂತು ಕಾಯುತ್ತಾರೆ. ಅನಿವಾರ್ಯವಾಗಿ ಒಂದು ದಿನಕ್ಕೆ ಬಿಡಲೇಬೇಕಾದರೆ ಯಾವ ಯಾವ ದಾಖಲೆ, ಎಷ್ಟು ಹಾಳೆ, ಯಾವ ದಿನ ವಾಪಸ್ ಎಂದು ಬರೆದು, ಮುದ್ರೆ ಹಾಕಿಸಿ, ಸಹಿ ಮಾಡಿದವರ ಹೆಸರು ಹುದ್ದೆ ಸಹಿತ ಸ್ವೀಕೃತಿ ತೆಗೆದುಕೊಂಡ ಮೇಲೆಯೇ ಕುರ್ಚಿಯಿಂದ ಏಳಿ.